ಸೈಕಲನ್ನು ಮತ್ತೆ ಮೂಲೆಗೆ ತಳ್ಳಬೇಡಿ

ಸಕ್ಕರೆ ಕಾಯಿಲೆಯವರಿಗೆ ‘ಸೈಕಲ್ ತುಳಿಯಿರಿ’ ಎಂದು ನಾವು ವೈದ್ಯರು ಸುಲಭವಾಗಿ ಹೇಳಿಬಿಡುತ್ತೇವೆ. ನೀವೂ ಹುರುಪಿನಿಂದ ಹಳೆಯ ಸೈಕಲ್ ಒರೆಸಿ, ಗಾಳಿ ತುಂಬಿಸಿ, ಫಜ್ರ್ ನಮಾಝಿನ ನಂತರ ಹೊರಡುತ್ತೀರಿ. ಶ್ರೀರಂಗಪಟ್ಟಣದ ಮಸ್ಜಿದೆ ಆಲಾದಿಂದ ಗುಂಬಝ್‌ವರೆಗೆ ಹೋಗಿ ಬರುವಷ್ಟರಲ್ಲಿ ಕೂರುವ ಜಾಗ ಉರಿಯತೊಡಗುತ್ತದೆ. ಮರುದಿನ ಅತ್ತಹಿಯ್ಯಾತ್‌ಗೆ ಕೂರುವುದೂ ಕಷ್ಟ. ಮೂರನೇ ದಿನ ಸೈಕಲ್ ಮತ್ತೆ ಮೂಲೆ ಸೇರುತ್ತದೆ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಬರುವವರೂ ಇದನ್ನೇ ಹೇಳುತ್ತಾರೆ, ಅದೂ ನಾನು ಕೆದಕಿ ಕೇಳಿದ ಮೇಲೆ. ಲಜ್ಜೆ ಒಳ್ಳೆಯ ಗುಣ. ಆದರೆ ವೈದ್ಯರ ಮುಂದೆ ನೋವನ್ನು ಮುಚ್ಚಿಡುವುದು ಲಜ್ಜೆಯಲ್ಲ. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ತುಳಿದವರು ಈಗ ಮೂವತ್ತು ದಾಟಿದ್ದಾರೆ. ಅವರ ಚರ್ಮಕ್ಕೆ ಆ ಅಭ್ಯಾಸ ತಪ್ಪಿದೆ, ಅಷ್ಟೇ.

ನಮ್ಮ ಭಾರವನ್ನು ಹೊರಬೇಕಾದದ್ದು ಪೃಷ್ಠದ ಎರಡು ಮೂಳೆಗಳು. ಅವುಗಳ ಮೇಲಿನ ಮಾಂಸ ಮತ್ತು ಚರ್ಮ ಒಗ್ಗಿಕೊಳ್ಳಲು ಸಾಮಾನ್ಯವಾಗಿ ಎರಡು-ಮೂರು ವಾರ ಬೇಕು. ಆದ್ದರಿಂದ ಮೊದಲ ವಾರ ದಿನ ಬಿಟ್ಟು ದಿನ, ಹತ್ತು-ಹದಿನೈದು ನಿಮಿಷ ಸಾಕು. ಆಮೇಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಯುನಾನಿ ವೈದ್ಯದಲ್ಲಿ ದೇಹದ ಚಲನೆಗೂ ವಿಶ್ರಾಂತಿಗೂ ಸಮಾನ ಸ್ಥಾನವಿದೆ.

ಹೆಚ್ಚಿನವರು ಮೊದಲು ಮಾಡುವ ಕೆಲಸ ದಪ್ಪ ಸ್ಪಂಜಿನ ಕವರ್ ಹಾಕಿಸುವುದು. ಅದು ತೀರಾ ಮೆತ್ತಗಿದ್ದರೆ ಮೂಳೆಗಳು ಒಳಗೆ ಹೂತು, ನಡುವಿನ ಸೂಕ್ಷ್ಮ ಭಾಗದ ಮೇಲೆ ಒತ್ತಡ ಬೀಳುತ್ತದೆ. ಅದಕ್ಕಿಂತ ಸೀಟಿನ ಎತ್ತರ ನೋಡಿ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ಎತ್ತರವಾದರೆ ಸೊಂಟ ಆಚೀಚೆ ಅಲುಗಿ ಚರ್ಮ ಉಜ್ಜುತ್ತದೆ. ಸೀಟಿನ ಮೂತಿ ಮೇಲಕ್ಕೆ ಎದ್ದಿರಬಾರದು.

ಇನ್ನು ಶುಚಿತ್ವ. ನೀರಿನಿಂದ ಇಸ್ತಿಂಜಾ ಮಾಡುವುದು ನಮ್ಮ ರೂಢಿ, ಒಳ್ಳೆಯದೇ. ಆದರೆ ಒದ್ದೆ ಚರ್ಮ ಬೇಗ ಉಜ್ಜಿಹೋಗುತ್ತದೆ, ಒರೆಸಿಕೊಂಡು ಹೊರಡಿ. ಗುಪ್ತಭಾಗದ ಕೂದಲು ತೆಗೆಯಲು ನಲವತ್ತು ದಿನದ ಮಿತಿ ನಮಗೆ ಗೊತ್ತು. ಬ್ಲೇಡ್ ಹಾಕಿದ ದಿನವೇ ಸೈಕಲ್ ಹತ್ತಿದರೆ ಕೂದಲ ಬುಡದಲ್ಲಿ ಕುರು ಏಳಬಹುದು, ಎರಡು ದಿನ ಬಿಡಿ. ನಡುವೆ ದಪ್ಪ ಹೊಲಿಗೆಯಿರುವ ಜೀನ್ಸ್ ಬೇಡ, ಸಡಿಲ ಪೈಜಾಮ ಒಳ್ಳೆಯದು, ಅದರ ಅಂಚು ಚೈನಿಗೆ ಸಿಗದಂತೆ ಕಟ್ಟಿಕೊಳ್ಳಿ. ಬಂದ ಕೂಡಲೇ ಬೆವರಿನ ಒಳಉಡುಪು ಬದಲಿಸಿ, ತೊಳೆದು ಒಣಗಿಸಿಕೊಳ್ಳಿ. ಚರ್ಮ ಕೆಂಪಾಗಿದ್ದರೆ ಮುಂದಿನ ಸಲ ಹೊರಡುವ ಮೊದಲು ತೆಳುವಾಗಿ ವ್ಯಾಸಲೀನ್ ಸವರಿ. ಇದೆಲ್ಲ ಮನೆಯ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಅವರಿಗೆ ಸ್ವಲ್ಪ ಅಗಲದ ಸೀಟು ಹೊಂದುತ್ತದೆ.

ಒಂದು ಎಚ್ಚರಿಕೆ. ಕುರುವನ್ನು ಹಿಸುಕಬೇಡಿ, ಮಾಯುವವರೆಗೆ ಸೈಕಲ್ ಬಿಡಿ. ಸಕ್ಕರೆ ಕಾಯಿಲೆಯವರಿಗೆ ಆ ಜಾಗದಲ್ಲಿ ಕುರು, ಬಾವು, ಜ್ವರ ಬಂದರೆ ಮನೆಮದ್ದು ಬೇಡ. ಅಂದೇ ಆಸ್ಪತ್ರೆಗೆ ಹೋಗಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಇಳಿದ ಮೇಲೂ ಜೋಮು ಉಳಿದರೆ, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಿ.

ಉಳಿದ ನೋವೆಲ್ಲ ಕೆಲವು ದಿನದ ಅತಿಥಿ. ಅದಕ್ಕೆ ಹೆದರಿ ಸೈಕಲ್ ಬಿಟ್ಟರೆ ಸಕ್ಕರೆ ಕಾಯಿಲೆ ಮಾತ್ರ ಮನೆಯಲ್ಲೇ ಉಳಿಯುತ್ತದೆ.