ಕ್ರಿಸ್ಮಸ್ ಉಡುಗೊರೆಯೂ ಕಂಪೆನಿಯ ಮುದ್ರೆಯೂ

ಡಿಸೆಂಬರ್ ಮಾಸವು ಸಮೀಪಿಸಿತೆಂದರೆ ಬೆಂಗಳೂರಿನ ದೊಡ್ಡ ಕಂಪೆನಿಗಳ ಕಚೇರಿಗಳಲ್ಲಿ ಒಂದು ವಿಚಾರವು ತಪ್ಪದೆ ಚರ್ಚೆಗೆ ಬರುವುದುಂಟು. ನೌಕರರಿಗೂ ಗಿರಾಕಿಗಳಿಗೂ ಈ ಸಲದ ಕ್ರಿಸ್ಮಸ್ ಉಡುಗೊರೆಯಾಗಿ ಏನನ್ನು ಕೊಡತಕ್ಕದ್ದು ಎಂಬುದೇ ಆ ವಿಚಾರ. ದೀಪಾವಳಿಯ ಉಡುಗೊರೆಯು ನಮ್ಮ ವ್ಯಾಪಾರ ಪ್ರಪಂಚಕ್ಕೆ ಹಳೆಯದು. ಈ ನಗರದ ಸಾಫ್ಟ್‌ವೇರ್ ಕಂಪೆನಿಗಳೂ ಇತರ ಸೇವಾ ಸಂಸ್ಥೆಗಳೂ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಗಿರಾಕಿಗಳಿಗಾಗಿ ದುಡಿಯತೊಡಗಿದ ಮೇಲೆ ಕ್ರಿಸ್ಮಸ್ ಉಡುಗೊರೆಯೂ ಇಲ್ಲಿ ಬೇರೂರಿದೆ. ಚರ್ಚೆಯೇನೋ ವಾರಗಟ್ಟಲೆ ನಡೆಯುತ್ತದೆ. ಕೊನೆಗೆ ಬರುವ ಪದಾರ್ಥಗಳು ಮಾತ್ರ ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ. ಬೆನ್ನಿಗೆ ಹಾಕುವ ಚೀಲ, ಉಕ್ಕಿನ ನೀರಿನ ಬಾಟಲಿ, ಡೈರಿ, ಪೆನ್ನು, ಟೀ ಷರಟು, ಕಾಫಿಯ ಮಗ್ಗು, ಮೊಬೈಲಿನ ಪವರ್ ಬ್ಯಾಂಕು. ಪ್ರತಿಯೊಂದರ ಮೇಲೂ ಎದ್ದು ಕಾಣುವಂತೆ ಕಂಪೆನಿಯ ಹೆಸರು ಮತ್ತು ಲಾಂಛನ. ಈ ಮುದ್ರೆಯ ವಿಷಯದಲ್ಲಿಯೇ ನಾವಿಂದು ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಜಾಹೀರಾತನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಪತ್ರಿಕೆಗಳು ಜೀವಿಸುವುದೇ ಜಾಹೀರಾತಿನಿಂದ. ಹಾಗಿರುವಾಗ ಅದನ್ನು ನಿಂದಿಸುವುದು ಉಂಡ ಮನೆಯನ್ನು ದೂರಿದಂತಾದೀತು. ಕಿರಾಣಿ ಅಂಗಡಿಯವನು ಹೊಸವರ್ಷಕ್ಕೆ ತನ್ನ ಹೆಸರು ಅಚ್ಚಾದ ಕ್ಯಾಲೆಂಡರನ್ನು ಗಿರಾಕಿಗಳಿಗೆ ಹಂಚಿದರೆ ಅದರಲ್ಲಿ ಯಾರಿಗೂ ಯಾವ ಭ್ರಮೆಯೂ ಇಲ್ಲ. ಕೊಡುವವನಿಗೂ ಅದು ಜಾಹೀರಾತೆಂದು ಗೊತ್ತು, ಗೋಡೆಗೆ ತೂಗುಹಾಕುವವನಿಗೂ ಗೊತ್ತು. ತಿಥಿವಾರಗಳನ್ನು ನೋಡಲು ಅನುಕೂಲವಾಯಿತೆಂದು ಇಬ್ಬರೂ ಸಂತುಷ್ಟರು. ನಮ್ಮ ಆಕ್ಷೇಪವಿರುವುದು ಜಾಹೀರಾತನ್ನೇ ಉಡುಗೊರೆಯೆಂದು ಕರೆದು, ಅದಕ್ಕಾಗಿ ಕೃತಜ್ಞತೆಯನ್ನು ನಿರೀಕ್ಷಿಸುವ ಪದ್ಧತಿಯ ಮೇಲೆ.

ಇವೆರಡೂ ಬೇರೆ ಬೇರೆ ಎಂಬುದು ಕೇವಲ ನಮ್ಮ ಅಭಿಪ್ರಾಯವೆಂದು ಯಾರೂ ಭಾವಿಸಬೇಕಾಗಿಲ್ಲ. ಕ್ರಿಸ್ಮಸ್ ಉಡುಗೊರೆಯ ರೂಢಿ ಯಾವ ದೇಶಗಳಿಂದ ಇಲ್ಲಿಯ ಕಚೇರಿಗಳಿಗೆ ಬಂದಿತೋ ಆ ದೇಶಗಳ ತೆರಿಗೆಯ ಕಾನೂನುಗಳೇ ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಬ್ರಿಟನ್ನಿನಲ್ಲಿ ವ್ಯಾಪಾರಿಯು ಗಿರಾಕಿಗೆ ಕೊಟ್ಟ ಉಡುಗೊರೆಯ ವೆಚ್ಚವನ್ನು ಸಾಮಾನ್ಯವಾಗಿ ಲಾಭದಿಂದ ಕಳೆಯಲು ಬರುವುದಿಲ್ಲ. ಆದರೆ ಆ ವಸ್ತುವಿನ ಮೇಲೆ ವ್ಯಾಪಾರದ ಜಾಹೀರಾತು ಎದ್ದು ಕಾಣುವಂತಿದ್ದು, ಒಬ್ಬ ವ್ಯಕ್ತಿಗೆ ಒಂದು ವರ್ಷದಲ್ಲಿ ಕೊಟ್ಟದ್ದರ ಬೆಲೆ 50 ಪೌಂಡುಗಳನ್ನು ಮೀರದೆ, ಅದು ಆಹಾರ, ಪಾನೀಯ, ತಂಬಾಕು ಅಥವಾ ಕೊಳ್ಳುವ ಚೀಟಿ ಆಗಿರದಿದ್ದರೆ ಕಳೆಯಬಹುದು. ಅಮೆರಿಕದಲ್ಲಿ 1962ರ ಕಾನೂನು ಒಬ್ಬ ಗಿರಾಕಿಗೆ ವರ್ಷಕ್ಕೆ 25 ಡಾಲರುಗಳ ಉಡುಗೊರೆಯ ವೆಚ್ಚವನ್ನು ಮಾತ್ರ ಒಪ್ಪಿತು. ಕಂಪೆನಿಯ ಹೆಸರನ್ನು ಅಳಿಯದಂತೆ ಅಚ್ಚೊತ್ತಿ ಹಲವರಿಗೆ ಹಂಚುವ 4 ಡಾಲರು ಅಥವಾ ಅದಕ್ಕೂ ಕಡಿಮೆ ಬೆಲೆಯ ವಸ್ತುಗಳನ್ನು ಆ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಅಂದರೆ ಹೆಸರು ಹೊತ್ತ ವಸ್ತುವು ವ್ಯಾಪಾರದ ಖರ್ಚು, ಹೆಸರಿಲ್ಲದ ವಸ್ತುವು ಉಡುಗೊರೆ ಎಂಬ ವಿವೇಕವನ್ನು ಆ ಕಾನೂನುಗಳು ಕಂಡುಕೊಂಡಿವೆ. ತೆರಿಗೆ ಇಲಾಖೆಯ ಗುಮಾಸ್ತನಿಗೆ ತಿಳಿದ ಈ ಭೇದವು ಕಂಪೆನಿಯ ಮುಖ್ಯಾಧಿಕಾರಿಗಳಿಗೆ ತಿಳಿಯದೆಂದು ನಾವು ನಂಬಲಾರೆವು.

ಕ್ರಿಸ್ಮಸ್ ಹಬ್ಬದ ಸಂಪ್ರದಾಯವಂತೂ ಹೆಸರನ್ನು ಮರೆಸಿ ಕೊಡುವುದನ್ನೇ ಎತ್ತಿ ಹಿಡಿದಿದೆ. ಮೂಡಣ ದೇಶದಿಂದ ಬಂದು ಶಿಶುವಿನ ಮುಂದೆ ಚಿನ್ನ, ಧೂಪ, ರಕ್ತಬೋಳಗಳನ್ನಿಟ್ಟ ಜ್ಞಾನಿಗಳ ಕಥೆಯನ್ನು ಮತ್ತಾಯನ ಸುವಾರ್ತೆಯು ಹೇಳುತ್ತದೆ. ಅವರ ಹೆಸರುಗಳನ್ನಾಗಲಿ, ಅವರೆಷ್ಟು ಜನರೆಂಬುದನ್ನಾಗಲಿ ಅದು ಹೇಳುವುದಿಲ್ಲ. ಮೂವರೆಂಬುದೂ ಅವರ ಹೆಸರುಗಳೂ ಅನಂತರದವರು ಸೇರಿಸಿದ್ದು. ನಾಲ್ಕನೆಯ ಶತಮಾನದ ಮೈರಾ ನಗರದ ಬಿಷಪ್ ನಿಕೊಲಾಸನು ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗಾಗಿ ರಾತ್ರಿಯ ವೇಳೆ ಹೊನ್ನಿನ ಗಂಟನ್ನು ಗುಟ್ಟಾಗಿ ಮನೆಯೊಳಕ್ಕೆ ಎಸೆದನೆಂದು ಐತಿಹ್ಯವುಂಟು. ಚಾರ್ಲ್ಸ್ ಡಿಕನ್ಸನು 1843ರಲ್ಲಿ ಪ್ರಕಟಿಸಿದ ಕ್ರಿಸ್ಮಸ್ ಕಥೆಯಲ್ಲಿ ಜಿಪುಣನಾದ ಯಜಮಾನ ಸ್ಕ್ರೂಜನು ಮನಸ್ಸು ತಿರುಗಿದ ಮೇಲೆ ತನ್ನ ಗುಮಾಸ್ತನ ಮನೆಗೆ ದೊಡ್ಡ ಟರ್ಕಿ ಕೋಳಿಯೊಂದನ್ನು ಕಳುಹಿಸುತ್ತಾನೆ. ಕಳುಹಿಸಿದವರು ಯಾರೆಂದು ತಿಳಿಯದಂತೆ ಕಳುಹಿಸುತ್ತಾನೆ. ಮರುದಿನ ಗುಮಾಸ್ತನು ಕಚೇರಿಗೆ ಬಂದಾಗ ಸಂಬಳವನ್ನು ಹೆಚ್ಚಿಸುತ್ತಾನೆ. ಕೋಳಿಯನ್ನು ಕೊಟ್ಟು ಸಂಬಳದ ಮಾತನ್ನು ಮುಗಿಸಿಬಿಡಲಿಲ್ಲವೆಂಬುದನ್ನು ನಮ್ಮ ಉದ್ಯಮಿಗಳು ಗಮನಿಸಬೇಕು.

ನಮ್ಮವರ ವಿಚಾರವೂ ಇದಕ್ಕೆ ದೂರವಾದುದಲ್ಲ. ಪ್ರತಿಫಲದ ಅಪೇಕ್ಷೆಯಿಂದ ಕೊಟ್ಟ ದಾನವನ್ನು ಭಗವದ್ಗೀತೆಯು ರಾಜಸವೆಂದು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದೆ. ಮದುವೆಮನೆಯಲ್ಲಿ ಪಾತ್ರೆಯ ಮೇಲೆ ಹೆಸರು ಕೆತ್ತಿಸಿ ಕೊಡುವ ಬಂಧುಗಳು ನಮ್ಮಲ್ಲಿಯೂ ಉಂಟು. ಆದರೆ ಆ ಪಾತ್ರೆಯನ್ನು ಹೊತ್ತುಕೊಂಡು ಊರೆಲ್ಲ ತಿರುಗಬೇಕೆಂದು ಅವರು ವಧೂವರರನ್ನು ಕೇಳುವುದಿಲ್ಲವಷ್ಟೆ.

ಇನ್ನು ನೌಕರರ ವಿಷಯ. ಕಂಪೆನಿಯ ಹೆಸರುಳ್ಳ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನಲ್ಲಿಯೂ ಮೆಟ್ರೋದಲ್ಲಿಯೂ ಓಡಾಡುವ ತರುಣರನ್ನು ನಾವು ದಿನವೂ ಕಾಣುತ್ತೇವೆ. ಹೊಸದಾಗಿ ಕೆಲಸ ಸಿಕ್ಕಿದವನಿಗೆ ಆ ಚೀಲವು ಹೆಮ್ಮೆಯ ವಸ್ತುವೇ ಸರಿ. ಅವನ ಸಂತೋಷವನ್ನು ಕೆಡಿಸಲು ನಮಗೆ ಇಷ್ಟವಿಲ್ಲ. ಕೆಲಸಕ್ಕೆ ಸೇರಿದ ದಿನ ಅದನ್ನು ಕೊಡಲಿ. ಹತ್ತು ವರ್ಷ ದುಡಿದವನಿಗೆ ಹಬ್ಬದ ದಿನವೂ ಅದೇ ಚೀಲವನ್ನು, ಅದೇ ಮುದ್ರೆಯೊಡನೆ, ನಾಲ್ಕನೆಯ ಸಲ ಕೊಟ್ಟರೆ ಅವನು ಏನೆಂದು ತಿಳಿಯಬೇಕು? ಸಂಸ್ಥೆಯು ತನ್ನನ್ನು ನೆನೆಯಿತೆಂದೋ, ಬಿಟ್ಟಿಯಾಗಿ ತಿರುಗಾಡುವ ಜಾಹೀರಾತಿನ ಫಲಕವನ್ನಾಗಿ ನೇಮಿಸಿತೆಂದೋ? ಮನೆಯಲ್ಲಿ ಹೆಂಡತಿಮಕ್ಕಳು ಉಪಯೋಗಿಸಲಾರದ ವಸ್ತುವು ಹಬ್ಬದ ಉಡುಗೊರೆಯಾಗುವುದು ಹೇಗೆಂಬುದು ನಮಗೆ ಅರ್ಥವಾಗದು.

ಉಡುಗೊರೆಯು ಸಂಬಳದ ಸ್ಥಾನವನ್ನು ಆಕ್ರಮಿಸಬಾರದು. 1965ರ ಬೋನಸ್ ಕಾಯಿದೆಯು ಅರ್ಹ ಕಾರ್ಮಿಕರಿಗೆ ವಿಧಿಸಿದ ಶೇಕಡಾ 8.33ರ ಕನಿಷ್ಠ ಬೋನಸ್ಸನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಅದು ಕಾರ್ಮಿಕನ ಹಕ್ಕು. ಹಕ್ಕಿನ ಹಣವನ್ನು ಹಬ್ಬದ ಹೊತ್ತಿಗೆ ಬಣ್ಣದ ಲಕೋಟೆಯಲ್ಲಿಟ್ಟು ಯಜಮಾನರ ಕೃಪೆಯಂತೆ ತೋರಿಸುವುದೂ, ಬಾಕಿಯಿರುವ ಹಣದ ಮಾತೆತ್ತದೆ ಕೇಕಿನ ಪೆಟ್ಟಿಗೆಯನ್ನು ಕೈಗಿಡುವುದೂ ಸಮನಾದ ಅನುಚಿತಗಳು. ಬ್ರಿಟನ್ನಿನಲ್ಲಿ 2016ರಿಂದ ನೌಕರನಿಗೆ ಕೊಡುವ 50 ಪೌಂಡುಗಳೊಳಗಿನ ಅಲ್ಪ ಉಡುಗೊರೆಗೆ ತೆರಿಗೆಯ ವಿನಾಯಿತಿಯುಂಟು. ಆದರೆ ಅದು ನಗದಾಗಿರಕೂಡದು, ಮಾಡಿದ ಕೆಲಸಕ್ಕೆ ಪ್ರತಿಫಲವೂ ಆಗಿರಕೂಡದು. ದುಡಿಮೆಯ ಬೆಲೆ ಬೇರೆ, ಹಬ್ಬದ ಪ್ರೀತಿ ಬೇರೆ ಎಂಬುದೇ ಇದರ ಇಂಗಿತ.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹೆಚ್ಚು ನೋವನ್ನುಂಟುಮಾಡುವ ಸಂಗತಿಯೊಂದುಂಟು. ಉಡುಗೊರೆಯ ಪಟ್ಟಿಯು ಸಂಬಳದ ಪಟ್ಟಿಯಿಂದ ತಯಾರಾಗುತ್ತದೆ. ಬಾಗಿಲಲ್ಲಿ ನಿಂತು ಸಲಾಮು ಮಾಡುವ ಕಾವಲುಗಾರ, ನಸುಕಿನಲ್ಲಿಯೇ ಬಂದು ನೆಲವನ್ನೂ ಶೌಚಾಲಯವನ್ನೂ ತೊಳೆಯುವ ಹೆಂಗಸು, ನಡುರಾತ್ರಿಯಲ್ಲಿ ನೌಕರರನ್ನು ಮನೆಗೆ ಮುಟ್ಟಿಸುವ ಚಾಲಕ, ಊಟದ ಮನೆಯಲ್ಲಿ ಬಡಿಸುವ ಹುಡುಗ, ಇವರೆಲ್ಲ ಗುತ್ತಿಗೆದಾರರ ಆಳುಗಳು. ಕಂಪೆನಿಯ ಸಂಬಳದ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಆದಕಾರಣ ಅನೇಕ ಕಡೆಗಳಲ್ಲಿ ಉಡುಗೊರೆಯ ಪಟ್ಟಿಯಲ್ಲಿಯೂ ಇಲ್ಲ. ಸಾವಿರಾರು ಪೆಟ್ಟಿಗೆಗಳನ್ನು ಲಾರಿಯಿಂದಿಳಿಸಿ ಮಹಡಿ ಮಹಡಿಗೆ ಹೊತ್ತು ಸಾಗಿಸುವವರು ಇವರೇ. ಸಂಜೆ ಬರಿಗೈಯಲ್ಲಿ ಮನೆಗೆ ತೆರಳುವವರೂ ಇವರೇ. ಸೇವಕರಿಗೂ ಮನೆಗೆ ಸಾಮಾನು ತಂದುಕೊಡುವವರಿಗೂ ಹಬ್ಬದ ಕಾಣಿಕೆಯನ್ನು ಕೊಡುವ ರೂಢಿಯಿಂದಲೇ ಇಂಗ್ಲೆಂಡಿನಲ್ಲಿ ಡಿಸೆಂಬರ್ 26ಕ್ಕೆ 'ಬಾಕ್ಸಿಂಗ್ ಡೇ' ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಆ ದೇಶದ ಹಬ್ಬವನ್ನು ಕಚೇರಿಗೆ ತಂದವರು ಅದರ ಈ ಮಾನವೀಯ ಅಂಗವನ್ನು ಹೊರಗೆ ನಿಲ್ಲಿಸುವುದು ನ್ಯಾಯವಲ್ಲ.

ಕ್ರೈಸ್ತ ನೌಕರರ ಮಾತನ್ನೂ ಇಲ್ಲಿ ಮರೆಯಲಾಗದು. ಹಬ್ಬವು ಮೊದಲು ಅವರದು. ಪರದೇಶದ ಗಿರಾಕಿಯು ರಜೆಯಲ್ಲಿದ್ದರೂ ಅವನ ಯಂತ್ರಗಳನ್ನು ನೋಡಿಕೊಳ್ಳಲು ಇಲ್ಲಿ ರಾತ್ರಿಯ ಪಾಳಿ ನಡೆಯುತ್ತಲೇ ಇರುತ್ತದೆ. ಡಿಸೆಂಬರ್ 24ರ ರಾತ್ರಿ ಇಗರ್ಜಿಯ ಬಲಿಪೂಜೆಗೆ ಹೋಗಬೇಕಾದವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮೇಜಿನ ಮೇಲೆ ಕೆಂಪು ಟೋಪಿಯೊಂದನ್ನೂ ಮಗ್ಗೊಂದನ್ನೂ ಇಟ್ಟರೆ ಅವನಿಗೆ ಹಬ್ಬವಾದೀತೆ? ಆ ರಾತ್ರಿಯ ಬಿಡುವೇ ಅವನಿಗೆ ಸಲ್ಲತಕ್ಕ ಉಡುಗೊರೆ. ಪಾಳಿಗಳನ್ನು ಅದಲುಬದಲು ಮಾಡಿಕೊಂಡರೆ ಇದಕ್ಕೆ ಕಾಸಿನ ಖರ್ಚೂ ಇಲ್ಲ. ದೀಪಾವಳಿಯಲ್ಲಿ ಅವನೇ ಇತರರ ಪಾಳಿಯನ್ನು ಸಂತೋಷದಿಂದ ವಹಿಸಿಕೊಂಡಾನು.

ಗಿರಾಕಿಗಳಿಗೆ ಕೊಡುವ ಉಡುಗೊರೆಯಾದರೋ ಹೆಚ್ಚು ಎಚ್ಚರಿಕೆಯನ್ನು ಬೇಡುವ ವಿಷಯ. ನಮ್ಮ ದೇಶಕ್ಕೆ ಇದರ ಕಹಿ ಅನುಭವವುಂಟು. ಬ್ರಿಟಿಷರ ಆಳ್ವಿಕೆಯಲ್ಲಿ ಕ್ರಿಸ್ಮಸ್ ಬಂದರೆ ದೊರೆಗಳ ಬಂಗಲೆಗಳಿಗೆ ಹಣ್ಣು, ಹೂವು, ಮಿಠಾಯಿಗಳ ತಟ್ಟೆಗಳು ಸಾಲುಸಾಲಾಗಿ ಹೋಗುತ್ತಿದ್ದುವು. 'ಡಾಲಿ' ಎಂದು ಅದಕ್ಕೆ ಹೆಸರು. ಕಳುಹಿಸುತ್ತಿದ್ದವರು ಗುತ್ತಿಗೆದಾರರು, ಜಮೀನುದಾರರು, ಕೈಕೆಳಗಿನ ನೌಕರರು. 1773ರ ರೆಗ್ಯುಲೇಟಿಂಗ್ ಕಾಯಿದೆಯು ಕಂಪೆನಿ ಸರಕಾರದ ಅಧಿಕಾರಿಗಳು ಕಾಣಿಕೆಗಳನ್ನು ಸ್ವೀಕರಿಸುವುದನ್ನು ನಿಷೇಧಿಸಿತು. ಹಣದ ಚೀಲಕ್ಕೆ ನಿಷೇಧ ಬಂದರೂ ಹಣ್ಣಿನ ಬುಟ್ಟಿಯು ಮರ್ಯಾದೆಯ ಹೆಸರಿನಲ್ಲಿ ಉಳಿದುಕೊಂಡಿತು. ಬುಟ್ಟಿಯ ತಳದಲ್ಲಿ ಏನನ್ನು ನಿರೀಕ್ಷಿಸಲಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಟ್ರಾಕ್ಟು ಮುಗಿಯುವ ತಿಂಗಳಲ್ಲಿಯೇ ಗಿರಾಕಿಯ ಅಧಿಕಾರಿಯ ಮನೆಗೆ ಬೆಲೆಬಾಳುವ ವಸ್ತುವನ್ನು ಕಳುಹಿಸುವವರು ಆ ಡಾಲಿಯ ವಂಶವನ್ನೇ ಮುಂದುವರಿಸುತ್ತಿದ್ದಾರೆ.

ಈಗ ಕಾನೂನುಗಳೂ ಬಿಗಿಯಾಗಿವೆ. ಸರಕಾರಿ ನೌಕರನಿಗೆ ಅನುಚಿತ ಲಾಭವನ್ನು ಕೊಡುವ ವ್ಯಾಪಾರಸಂಸ್ಥೆಯನ್ನೇ ದಂಡನೆಗೆ ಗುರಿಮಾಡುವಂತೆ ಭ್ರಷ್ಟಾಚಾರ ತಡೆ ಕಾಯಿದೆಯು 2018ರಲ್ಲಿ ತಿದ್ದುಪಡಿಯಾಯಿತು. ಬ್ರಿಟನ್ನಿನ 2010ರ ಲಂಚ ಕಾಯಿದೆಯು ಖಾಸಗಿ ವ್ಯಾಪಾರಿಗಳ ನಡುವಣ ಲಂಚವನ್ನೂ ಅಪರಾಧವೆಂದು ಎಣಿಸುತ್ತದೆ. ನಮ್ಮ ಆದಾಯ ತೆರಿಗೆಯ ಕಾನೂನಿನಲ್ಲಿ 2022ರ ಜುಲೈ 1ರಿಂದ ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿಗಳನ್ನು ಮೀರಿದ ಲಾಭವನ್ನು ಕೊಟ್ಟರೆ ಶೇಕಡಾ 10ರಂತೆ ತೆರಿಗೆಯನ್ನು ಮುರಿದುಕೊಳ್ಳುವ ನಿಯಮವು ಬಂದಿತು. ದೀಪಾವಳಿ ಮೊದಲಾದ ಹಬ್ಬಗಳ ಉಡುಗೊರೆಗಾಗಿ ಸರಕಾರದ ಹಣವನ್ನು ವ್ಯಯಿಸಕೂಡದೆಂದು ಕೇಂದ್ರ ಹಣಕಾಸು ಸಚಿವಾಲಯವು 2025ರ ಸೆಪ್ಟೆಂಬರಿನಲ್ಲಿ ಇಲಾಖೆಗಳಿಗೆ ಆಜ್ಞಾಪಿಸಿತು. ಇಷ್ಟಾದರೂ ಕಾನೂನಿಗಿಂತ ಸುಲಭವಾದ ಪರೀಕ್ಷೆಯೊಂದುಂಟು: ಗಿರಾಕಿಯ ಅಧಿಕಾರಿಯು ಆ ಪೆಟ್ಟಿಗೆಯನ್ನು ತನ್ನ ಕಚೇರಿಯ ಎಲ್ಲರೆದುರು ಬಿಚ್ಚಲು ಸಂಕೋಚಪಡದಿರಬೇಕು. ಮನೆಯ ವಿಳಾಸಕ್ಕೆ ಕಳುಹಿಸದೆ ಕಚೇರಿಯ ವಿಳಾಸಕ್ಕೆ ಕಳುಹಿಸಿ, ಒಬ್ಬನಿಗಾಗಿ ಕಳುಹಿಸದೆ ಅಲ್ಲಿ ಕೂಡಿ ದುಡಿದ ಎಲ್ಲರಿಗಾಗಿ ಕಳುಹಿಸಿದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟವಲ್ಲ.

ಹಾಗಾದರೆ ಕೊಡತಕ್ಕುದೇನು? ನಾಡಿನಲ್ಲಿ ವಸ್ತುಗಳಿಗೆ ಬರವಿಲ್ಲ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗುಗಳ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಪರದೇಶದ ಕಚೇರಿಯೊಂದಕ್ಕೆ ಅದರ ಪೊಟ್ಟಣಗಳಿಗಿಂತ ಯೋಗ್ಯವಾದ ಕಾಣಿಕೆ ಯಾವುದು? ಶತಮಾನ ಕಂಡ ಮೈಸೂರು ಸ್ಯಾಂಡಲ್ ಸಾಬೂನು, ಬೀದರಿನ ಬಿದರಿ ಪಾತ್ರೆ, ಇಳಕಲ್ಲಿನ ಮಗ್ಗದ ಬಟ್ಟೆ, ಚನ್ನಪಟ್ಟಣದ ಅರಗಿನ ಬೊಂಬೆಗಳು, ಇವೆಲ್ಲ ಮನೆಮಂದಿಯೆಲ್ಲ ಮುಟ್ಟಿ ಸಂತೋಷಪಡತಕ್ಕ ವಸ್ತುಗಳು.

ಆದರೆ ಇಲ್ಲಿಯೂ ಒಂದು ಮಾತನ್ನು ಕಂಪೆನಿಗಳ ಖರೀದಿ ಅಧಿಕಾರಿಗಳಿಗೆ ಹೇಳಬೇಕಾಗಿದೆ. ನವೆಂಬರ್ ಕೊನೆಯ ವಾರದಲ್ಲಿ ದರಪಟ್ಟಿ ಕೇಳಿ, ಹದಿನೈದು ದಿನಗಳಲ್ಲಿ ಎರಡು ಸಾವಿರ ಪೆಟ್ಟಿಗೆ ಬೇಕೆಂದರೆ ಕಸುಬುದಾರನು ಎಲ್ಲಿಂದ ತರಬೇಕು? ಚನ್ನಪಟ್ಟಣದ ಬೊಂಬೆಗೆ ಹಾಲೆಮರವು ಮೊದಲು ಚೆನ್ನಾಗಿ ಒಣಗಬೇಕು. ಅನಂತರ ಅದನ್ನು ಚರಕಿಗೆ ಹಾಕಿ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಕಾವಿನಿಂದಲೇ ಅರಗನ್ನು ಕರಗಿಸಿ ಹಿಡಿಸಿ, ತಾಳೆಗರಿಯಿಂದ ತಿಕ್ಕಿ ಹೊಳಪು ತರಬೇಕು. ಇದು ಅವಸರದ ಕೆಲಸವಲ್ಲ. ಅವಸರಪಟ್ಟಾಗ ಲಾಭವಾಗುವುದು ಗೋದಾಮಿನಲ್ಲಿ ಸಿದ್ಧಮಾಲನ್ನಿಟ್ಟುಕೊಂಡು ಅದರ ಮೇಲೆ ಒಂದೇ ರಾತ್ರಿಯಲ್ಲಿ ಲಾಂಛನವನ್ನು ಅಚ್ಚೊತ್ತಿಕೊಡುವ ದಳ್ಳಾಳಿಗೆ. ಆಗಸ್ಟಿನಲ್ಲಿ ಬೇಡಿಕೆಯನ್ನು ತಿಳಿಸಿ, ಮುಂಗಡದ ಹಣವನ್ನೂ ಕೊಟ್ಟರೆ ಕಸುಬುದಾರನ ಮನೆಯಲ್ಲಿ ಮೂರು ತಿಂಗಳು ಒಲೆ ಉರಿದೀತು. ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು 45 ದಿನಗಳನ್ನು ಮೀರಿ ತಡೆಹಿಡಿಯಕೂಡದೆಂದು 2006ರ ಕಾಯಿದೆಯು ಹೇಳುತ್ತದೆ. ಕ್ರಿಸ್ಮಸ್ಸಿನ ಬೊಂಬೆಯ ಹಣವು ಯುಗಾದಿಯಾದರೂ ಬಾರದಿದ್ದರೆ ಆ ಉಡುಗೊರೆಯನ್ನು ನಿಜವಾಗಿ ಕೊಟ್ಟವನು ಬೊಂಬೆ ಮಾಡಿದವನೇ ಆಗುತ್ತಾನೆ.

ಮುದ್ರೆಯಿಲ್ಲದಿದ್ದರೆ ಕಂಪೆನಿಯ ನೆನಪು ಉಳಿಯುವುದು ಹೇಗೆಂದು ಕೆಲವರು ಕೇಳಬಹುದು. ವೆಚ್ಚ ಮಾಡುವವರ ಈ ಪ್ರಶ್ನೆಯು ಅಸಹಜವಾದುದಲ್ಲ. ಪೆಟ್ಟಿಗೆಯೊಡನೆ ಒಂದು ಕಾಗದವಿರಲಿ; ಅದರಲ್ಲಿ ಸ್ವೀಕರಿಸುವವನ ಹೆಸರನ್ನು ತಪ್ಪಿಲ್ಲದೆ ಬರೆದು, ಅವನು ಈ ವರ್ಷ ಮಾಡಿದ ಕೆಲಸವನ್ನು ನೆನೆದು ಎರಡು ಸಾಲನ್ನು ಬರೆದು, ಮೇಲಧಿಕಾರಿಯು ತನ್ನ ಕೈಯಿಂದಲೇ ರುಜು ಮಾಡಲಿ. ಕಂಪೆನಿಯ ಹೆಸರು ಆ ಕಾಗದದ ತಲೆಯ ಮೇಲಿದ್ದರೆ ಸಾಕು. ವಸ್ತುವಿನ ಮೇಲೆ ಯಾರ ಹೆಸರಾದರೂ ಬೇಕೇ ಬೇಕೆಂದರೆ ಅದನ್ನು ಮಾಡಿದವನ ಹೆಸರೂ ಅವನ ಊರಿನ ಹೆಸರೂ ಇರಲಿ. ಇಂಥ ವಸ್ತುವು ಕಪಾಟಿನಲ್ಲಿ ಉಳಿಯುತ್ತದೆ; ಐದನೆಯ ನೀರಿನ ಬಾಟಲಿಯು ಎಲ್ಲಿಗೆ ಹೋಗುತ್ತದೆಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು.

ಉಡುಗೊರೆಯ ಪಟ್ಟಿಯನ್ನು ತಯಾರಿಸುತ್ತಿರುವ ಮಹನೀಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹಣ ಸಾಲದಿದ್ದರೆ ಪೆಟ್ಟಿಗೆಯನ್ನು ಚಿಕ್ಕದು ಮಾಡಿರಿ, ಪಟ್ಟಿಯನ್ನು ಚಿಕ್ಕದು ಮಾಡಬೇಡಿರಿ. ಗಿರಾಕಿಗಳ ಹೆಸರಿಗೆ ಮೊದಲು ನೌಕರರ ಹೆಸರನ್ನೂ, ನೌಕರರ ಹೆಸರಿಗೆ ಮೊದಲು ಕಾವಲುಗಾರ, ಜಾಡಮಾಲಿ, ಚಾಲಕರ ಹೆಸರುಗಳನ್ನೂ ಬರೆಯಿರಿ. ಅವರ ಹೆಸರು ತಿಳಿಯದಿದ್ದರೆ ಕೆಳಗಿಳಿದು ಹೋಗಿ ಕೇಳಿ ತಿಳಿಯಿರಿ. ಹಬ್ಬಕ್ಕೆ ಇನ್ನೂ ಕಾಲಾವಕಾಶವಿದೆ.