ದಂಡ ಹಾಕಬಹುದು, ಕತೆ ಓದಿಸಬಾರದೇ?

ಮಕ್ಕಳ ಪುಸ್ತಕದಲ್ಲಿ ಜಾತಿ, ಅಸ್ಪೃಶ್ಯತೆಯ ಮಾತು ಬಂದೊಡನೆ ನಮ್ಮಲ್ಲಿ ಅನೇಕರಿಗೆ ಮಕ್ಕಳ ಮುಗ್ಧತೆ ನೆನಪಾಗುತ್ತದೆ. ‘ಎಳೆಯ ಮನಸ್ಸಿಗೆ ಈ ವಿಷ ಯಾಕೆ? ದೊಡ್ಡವರಾದ ಮೇಲೆ ತಾವೇ ತಿಳಿದುಕೊಳ್ಳುತ್ತಾರೆ ಬಿಡಿ’ ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಆದರೆ 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ನಡೆದದ್ದೇನು? ಎರಡು ವರ್ಷದ ದಲಿತ ಮಗು ತನ್ನ ಹುಟ್ಟುಹಬ್ಬದ ದಿನ ಗುಡಿಯೊಳಕ್ಕೆ ಓಡಿಹೋಯಿತು. ಗುಡಿ ಶುದ್ಧಿ ಮಾಡಿಸಬೇಕೆಂದು ಊರಿನ ಕೆಲವರು ಆ ಮನೆಯವರಿಗೆ ದಂಡ ಹಾಕಿದರು. ಎರಡು ವರ್ಷದ ಮಗುವಿನ ಜಾತಿ ನೋಡುವ ನಾಡಿನಲ್ಲಿ, ಹತ್ತು ವರ್ಷದ ಮಗು ಜಾತಿಯ ಬಗ್ಗೆ ಕತೆ ಓದುವಷ್ಟು ದೊಡ್ಡದಾಗಿಲ್ಲ ಎನ್ನುವುದು ಯಾವ ನ್ಯಾಯ?

2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಹೊರಬಿತ್ತು. ಅಲ್ಲಿ ಯಾರ ಮುಗ್ಧತೆಯನ್ನೂ ಯಾರೂ ಕಾಯಲಿಲ್ಲ. ಗುಂಡಿಗೆ ಇಳಿದ ಮಕ್ಕಳಿಗೆ ಪುಸ್ತಕದಿಂದ ಗೊತ್ತಾಗಬೇಕಾದ ಹೊಸ ಕಹಿ ಏನೂ ಉಳಿದಿಲ್ಲ. ಮುಗ್ಧತೆಯ ವಾದ ಕಾಯುವುದು ಜಾತಿ ತಟ್ಟದ ಮನೆಯ ಮಕ್ಕಳ ನೆಮ್ಮದಿಯನ್ನು; ಇನ್ನೂ ನಿಜ ಹೇಳಬೇಕೆಂದರೆ, ಆ ಮಕ್ಕಳು ಕೇಳಬಹುದಾದ ಪ್ರಶ್ನೆಗಳಿಂದ ಅವರ ಅಪ್ಪ ಅಮ್ಮಂದಿರನ್ನು.

ಮಕ್ಕಳ ಪುಸ್ತಕದಲ್ಲಿ ಏನಿರಬೇಕು ಎಂಬ ವಿಷಯದಲ್ಲಿ ನಾವು ಜಗಳವಾಡಿಲ್ಲವೆಂದಲ್ಲ. 2022ರ ಪಠ್ಯಪುಸ್ತಕ ಪರಿಷ್ಕರಣೆಯಲ್ಲಿ ಅಂಬೇಡ್ಕರ್ ಹೆಸರಿನ ಜೊತೆಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಮಾತೇ ಕಾಣೆಯಾಗಿ, ಪ್ರತಿಭಟನೆಯ ನಂತರ ವಾಪಸು ಬಂತು. ಆ ಪರಿಷ್ಕರಣೆಯನ್ನು ಪ್ರತಿಭಟಿಸಿ ಲೇಖಕ ದೇವನೂರ ಮಹಾದೇವ ಹತ್ತನೇ ತರಗತಿಯಲ್ಲಿದ್ದ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂಪಡೆದರು. ಸರ್ಕಾರ ಬದಲಾಯಿತು; 2023ರ ಜೂನ್‌ನಲ್ಲಿ, ಆ ಪರಿಷ್ಕರಣೆಯಲ್ಲಿ ಸೇರಿದ್ದ ಆರ್‌ಎಸ್‌ಎಸ್ ಸ್ಥಾಪಕ ಹೆಡಗೇವಾರ್ ಪಾಠ ಹೋಗಿ ಸಾವಿತ್ರಿಬಾಯಿ ಫುಲೆ ಪಾಠ ಬಂತು. ಬಂದದ್ದು ಸರಿ, ಬರಲೇಬೇಕಿತ್ತು. ಆದರೆ ಬೇಕು ಎಂದವರೂ ಬೇಡ ಎಂದವರೂ ಯಾರ ಹೆಸರು ಇರಬೇಕು ಎಂಬಲ್ಲಿಗೇ ನಿಂತುಬಿಟ್ಟರು. ಸಾವಿತ್ರಿಬಾಯಿ ಪುಣೆಯಲ್ಲಿ ಶಾಲೆ ತೆರೆದದ್ದು ಯಾವಾಗ? 1848. ಒಂದು ಅಂಕ. ಆ ಉತ್ತರ ಬರೆದ ಮಗು ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಪಕ್ಕದವನು ಯಾಕೆ ಸರಿದು ಕೂತ ಎಂಬ ಪ್ರಶ್ನೆಗೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಅಂಕವಿಲ್ಲ.

ಆ ಪ್ರಶ್ನೆ ಎತ್ತಬಲ್ಲದ್ದು ಮಗು ತಾನಾಗಿ ಇಷ್ಟಪಟ್ಟು ಓದುವ ಕತೆ. ಇಲ್ಲಿ ಒಂದು ಆಕ್ಷೇಪಣೆಯನ್ನು ಒಪ್ಪಲೇಬೇಕು: ‘ಸಾಮಾಜಿಕ ನ್ಯಾಯ’ದ ಹೆಸರಿನಲ್ಲಿ ಬರುವ ಮಕ್ಕಳ ಪುಸ್ತಕಗಳಲ್ಲಿ ಹಲವು ಬರೀ ಉಪದೇಶ. ಅವುಗಳಲ್ಲಿ ಕೇರಿಯ ಹುಡುಗ ಅಳುತ್ತಾನೆ, ಊರಿನ ಒಳ್ಳೆಯ ಮೇಷ್ಟ್ರು ಉದ್ಧಾರ ಮಾಡುತ್ತಾರೆ, ಎಲ್ಲರೂ ಕೈ ಕೈ ಹಿಡಿಯುತ್ತಾರೆ. ಅನುಕಂಪ ಮಾತ್ರ ಸಿಕ್ಕ ಹುಡುಗನಿಗೆ ಅದು ಇನ್ನೊಂದು ಅವಮಾನ. ಆದರೆ ಕೆಟ್ಟ ಪುಸ್ತಕಕ್ಕೆ ಮದ್ದು ಒಳ್ಳೆಯ ಪುಸ್ತಕವೇ ಹೊರತು ಮೌನವಲ್ಲ.

ಒಳ್ಳೆಯದಕ್ಕೆ ಮಾದರಿಗಳಿವೆ. 1901ರಲ್ಲಿ ಒಂಬತ್ತು ವರ್ಷದ ಭೀಮರಾವ್ ಮನೆಯ ಇತರ ಮಕ್ಕಳೊಂದಿಗೆ ಅಪ್ಪನನ್ನು ನೋಡಲು ಕೋರೆಗಾಂವ್‌ಗೆ ಹೊರಟ ಪ್ರಸಂಗವನ್ನು ಅಂಬೇಡ್ಕರರೇ ಬರೆದಿದ್ದಾರೆ. ಗಾಡಿಯವನು ‘ಅಸ್ಪೃಶ್ಯ’ ಮಹಾರ್ ಜಾತಿಯ ಮಕ್ಕಳ ಜೊತೆ ಕೂರಲು ಒಪ್ಪಲಿಲ್ಲ. ಇಮ್ಮಡಿ ಬಾಡಿಗೆ ತೆತ್ತು ಮಕ್ಕಳೇ ಗಾಡಿ ಹೊಡೆಯಬೇಕಾಯಿತು, ಅವನು ನಡೆದು ಬಂದ. ದಾರಿಯಲ್ಲಿ ಕುಡಿಯಲು ನೀರು ಸಿಗಲಿಲ್ಲ. ಈ ಅನುಭವಗಳನ್ನು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಗೊಂಡ ಶೈಲಿಯ ಚಿತ್ರಗಳಲ್ಲಿ ‘ಭೀಮಾಯಣ’ ಎಂಬ ಚಿತ್ರಕಥೆಯಾಗಿಸಿದರು. ಅದರಲ್ಲಿ ಉಪದೇಶವಿಲ್ಲ, ಬಾಯಾರಿಕೆ ಇದೆ. ಹೈದರಾಬಾದಿನ ‘ಅನ್ವೇಷಿ’ ಸಂಸ್ಥೆಯ ‘ಡಿಫರೆಂಟ್ ಟೇಲ್ಸ್’ ಮಾಲೆಯಲ್ಲಿ ದಲಿತ, ಮುಸ್ಲಿಂ ಮನೆಗಳ ಮಕ್ಕಳೇ ಕಥಾನಾಯಕರು. ಅದರಲ್ಲೊಂದು ಕತೆ ಮನೆಯಲ್ಲಿ ತಲೆಮಾಂಸದ ಸಾರು ಮಾಡುವ ಸಂಭ್ರಮದ್ದು. ಕಷ್ಟ ಇದ್ದ ಮನೆಯಲ್ಲಿ ನಗುವೂ ಇರುತ್ತದೆ ಎಂಬುದು ಆ ಬರಹಗಾರರಿಗೆ ಗೊತ್ತಿತ್ತು.

ಕನ್ನಡಕ್ಕೆ ಇದು ಹೊಸತಾಗಬೇಕಿಲ್ಲ. ಕುವೆಂಪು ‘ಜಲಗಾರ’ ನಾಟಕದಲ್ಲಿ ಶಿವನನ್ನೇ ಪೊರಕೆ ಹಿಡಿದವನನ್ನಾಗಿ ತಂದರು. ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಆತ್ಮಕಥೆಗಳ ತುಂಬಾ ಬಾಲ್ಯವೇ ಇದೆ. ಆದರೂ ಇವೆಲ್ಲ ಬಹುಮಟ್ಟಿಗೆ ದೊಡ್ಡವರ ಕಪಾಟಿನಲ್ಲೇ ಉಳಿದಿವೆ. ಎಂಟು, ಹತ್ತು ವರ್ಷದವರಿಗಾಗಿ ಬರೆದ ಕತೆಗಳಲ್ಲಿ ಕೇರಿಯ ಹುಡುಗಿಯೊಬ್ಬಳು ಮರ ಹತ್ತಿ, ಸುಳ್ಳು ಹೇಳಿ, ಸಿಕ್ಕಿಬಿದ್ದು, ಕೊನೆಗೆ ಗೆಲ್ಲುವುದು ಎಷ್ಟು ಅಪರೂಪ!

ಹಾಗಾಗಿ ಪ್ರಕಾಶಕರಲ್ಲಿ, ಗ್ರಂಥಾಲಯಗಳಿಗೆ ಪುಸ್ತಕ ಆರಿಸುವವರಲ್ಲಿ ಒಂದು ಮಾತು. ಮಹಾಪುರುಷರ ಜೀವನಚರಿತ್ರೆಯ ಮತ್ತೊಂದು ಮಾಲೆ ಸಾಕು. ಆ ಹುಡುಗಿಯ ಕತೆಯನ್ನು ಬರೆಸಿ, ಕೊಳ್ಳಿ, ಮಕ್ಕಳ ಕೈಗೆ ಸಿಗುವಂತೆ ಇಡಿ. ಅದನ್ನು ಬರೆಯಲು ಆ ಬಾಲ್ಯ ಬಾಳಿದವರನ್ನೇ ಮೊದಲು ಕರೆಯಿರಿ. ಜಾತಿಯನ್ನು ಮಕ್ಕಳಿಗೆ ಊರು ಹೇಗೂ ಕಲಿಸುತ್ತಿದೆ. ಅದನ್ನು ಪ್ರಶ್ನಿಸುವುದನ್ನು ಪುಸ್ತಕವಾದರೂ ಕಲಿಸಲಿ.