ಐಸ್ ಮಷಿನ್ನೂ ಮಧ್ಯಾಹ್ನದ ಲೆಕ್ಕವೂ

ನಮ್ಮ ಭಾವ ದಾವಣಗೆರೆಯಲ್ಲಿ ಜ್ಯೂಸ್ ಅಂಗಡಿ ಇಟ್ಟಿದ್ದಾರೆ. ಕಬ್ಬಿನ ಹಾಲು, ಮೂಸಂಬಿ, ನಿಂಬೆ ಸೋಡಾ, ಇಷ್ಟೇ. ಐಸ್ ಬರೋದು ಫ್ಯಾಕ್ಟರಿಯಿಂದ, ಗೋಣಿಚೀಲದಲ್ಲಿ. ಅಂಗಡಿ ಮುಂದೆ ನೆಲದ ಮೇಲೆ ದರದರ ಎಳೆದು ತಂದು ಸುತ್ತಿಗೆಯಲ್ಲಿ ಕುಟ್ಟಿ ಹಾಕೋದು. ಅದನ್ನ ನೋಡಿದ ಒಬ್ಬ ಟೀಚರಮ್ಮ ಮಕ್ಕಳನ್ನ ಕರ್ಕೊಂಡು ಬರೋದನ್ನೇ ನಿಲ್ಲಿಸಿಬಿಟ್ಟರಂತೆ. ಭಾವನಿಗೆ ಅದು ಚುಚ್ಚಿದೆ. ಈಗ ಕೌಂಟರ್ ಮೇಲೆ ಇಡೋ ಪುಟ್ಟ ಐಸ್ ಮಷಿನ್ ತಗೋಬೇಕು ಅಂತ ಹಟ. "ದಿನಕ್ಕೆ ಹನ್ನೆರಡು ಕೆಜಿ ಕೊಡುತ್ತಂತೆ ಕಣಯ್ಯ, ನಮಗೆ ಅಷ್ಟು ಸಾಕು" ಅಂತಾರೆ.

ಬೇಡ ಅನ್ನೋದು ನನ್ನ ವಾದ. ಯಾಕೆ ಅಂತ ಹೇಳ್ತೀನಿ, ನೀವೇ ನೋಡಿ.

ಆ 12 ಕೆಜಿ ಅನ್ನೋದು 24 ಗಂಟೆಗೆ. ಅಂದ್ರೆ ಗಂಟೆಗೆ ಅರ್ಧ ಕೆಜಿ. ಭಾವನ ಅಂಗಡಿಗೆ ರಾತ್ರಿ ಎರಡು ಗಂಟೆಗೆ ಯಾರು ಬರ್ತಾರೆ? ವ್ಯಾಪಾರ ಇರೋದೆಲ್ಲ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಮೂವತ್ತು ಡಿಗ್ರಿ ಇರೋ 200 ಎಂಎಲ್ ಜ್ಯೂಸನ್ನ ಐದು ಡಿಗ್ರಿಗೆ ಇಳಿಸೋಕೆ ಸುಮಾರು 60 ಗ್ರಾಂ ಐಸ್ ಕರಗಬೇಕು. ಮೇಲೆ ನಾಲ್ಕು ಚೂರು ತೇಲದಿದ್ರೆ ಗಿರಾಕಿ ಒಪ್ಪಲ್ಲ, ಹಾಗಾಗಿ 80 ಗ್ರಾಂ ಅನ್ನಿ. ಆ ನಾಲ್ಕು ಗಂಟೆಯಲ್ಲಿ ನೂರು ಗ್ಲಾಸ್ ಹೋದ್ರೆ 8 ಕೆಜಿ ಬೇಕು. ಮಷಿನ್ ಕೊಡೋದು ಎರಡು ಕೆಜಿ! ರಾವಣಾಸುರನ ಹೊಟ್ಟೆಗೆ ಆರು ಕಾಸಿನ ಮಜ್ಜಿಗೆ.

ಬೆಳಿಗ್ಗೆಯಿಂದಲೇ ಮಾಡಿ ಇಟ್ಟುಕೊಂಡರಾಯ್ತು ಅಂತೀರಾ? ಇಂಥ ಮಷಿನ್‌ಗಳಲ್ಲಿ ಐಸ್ ಬೀಳೋ ಬುಟ್ಟಿಗೆ ಸಾಮಾನ್ಯವಾಗಿ ತಂಪು ಮಾಡೋ ವ್ಯವಸ್ಥೆ ಇರಲ್ಲ. ಬುಟ್ಟಿ ತುಂಬಿದ ಮೇಲೆ ಮಷಿನ್ ನಿಲ್ಲುತ್ತೆ, ಐಸ್ ನಿಧಾನಕ್ಕೆ ಕರಗಿ ಅದೇ ನೀರು ಕೆಳಗಿನ ತೊಟ್ಟಿಗೆ ಸೇರಿ ಮತ್ತೆ ಐಸ್ ಆಗುತ್ತೆ. ಗಂಟೆಗೊಮ್ಮೆ ತೆಗೆದು ಡೀಪ್ ಫ್ರೀಜರಿಗೆ ಸುರಿಯೋಕೆ ಒಬ್ಬ ಹುಡುಗ ಬೇಕು. ಸುರಿದರೂ ಒದ್ದೆ ಐಸ್ ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗುತ್ತೆ. ಮತ್ತೆ ಸುತ್ತಿಗೆ :)

ಇನ್ನೊಂದು ವಿಷಯ, ಇದನ್ನ ಮಾರೋರು ಬಾಯಿ ಬಿಡಲ್ಲ. ಎಷ್ಟೋ ಕಡೆ ಆ ಕೆಜಿ ಲೆಕ್ಕ ಹಾಕಿರೋದು ಗಾಳಿ 21 ಡಿಗ್ರಿ, ನೀರು 10 ಡಿಗ್ರಿ ಇದ್ದಾಗ. ಅಮೆರಿಕದ ಎಎಚ್‌ಆರ್‌ಐ ಮಾನದಂಡದ ಪರೀಕ್ಷೆ ಇದಕ್ಕಿಂತ ಕಠಿಣ, ಅಲ್ಲೂ ಗಾಳಿ 32, ನೀರು 21. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ತಾರಸಿ ಟ್ಯಾಂಕಿನ ನಲ್ಲಿ ತಿರುಗಿಸಿ ನೋಡಿ, ಕೈ ಸುಡುತ್ತೆ. 35 ಡಿಗ್ರಿ ನೀರನ್ನ ಐಸ್ ಮಾಡೋಕೆ, 10 ಡಿಗ್ರಿ ನೀರಿಗಿಂತ ಕಾಲು ಭಾಗಕ್ಕೂ ಹೆಚ್ಚು ಶಾಖ ಹೊರಗೆ ಹಾಕಬೇಕು. ಆ ಶಾಖವೆಲ್ಲ ಬರೋದು ಅದೇ ಇಕ್ಕಟ್ಟು ಅಂಗಡಿಯೊಳಗೆ. ಮಷಿನ್ನಿನ ಸುತ್ತ ಗಾಳಿಯಾಡೋ ಜಾಗ ಬಿಡದಿದ್ರೆ ಇನ್ನೂ ನಿಧಾನ. ಅಂದ ಹಾಗೆ, ಮನೆಬಳಕೆಯ ಮಾಡೆಲ್ಲನ್ನ ಅಂಗಡಿಯಲ್ಲಿ ಬಳಸಿದ್ರೆ ವಾರಂಟಿ ಸಿಗದಿರೋದೂ ಉಂಟು, ಬಿಲ್ ಹಾಕಿಸೋ ಮುಂಚೆ ಕೇಳಬೇಕು.

ಹಾಗಂತ ಫ್ಯಾಕ್ಟರಿ ಐಸೇ ಇರಲಿ ಅಂತ ನಾನು ಹೇಳ್ತಿಲ್ಲ. ಟೀಚರಮ್ಮ ಮಾಡಿದ್ದು ಸರಿಯಾಗೇ ಇದೆ. ಐಸ್ ಆದ್ರೆ ಕ್ರಿಮಿ ಸಾಯುತ್ತೆ ಅನ್ನೋದು ಸುಳ್ಳು, ಎಷ್ಟೋ ಕ್ರಿಮಿಗಳು ಹಾಯಾಗಿ ಬದುಕಿರುತ್ತವೆ. ತಿನ್ನೋ ಕುಡಿಯೋದಕ್ಕೆ ಹಾಕೋ ಐಸನ್ನ ಕುಡಿಯೋ ನೀರಿಂದಲೇ ಮಾಡಬೇಕು ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ. ಮೀನಿಗೆ, ಬೇರೆ ಸಾಮಾನಿಗೆ ಅಂತ ಮಾಡಿದ ಐಸ್ ಗ್ಲಾಸಿಗೆ ಬೀಳಬಾರದು ಅಂತಲೇ 2018ರಲ್ಲಿ ಮಹಾರಾಷ್ಟ್ರದಲ್ಲಿ ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಕಡ್ಡಾಯ ಮಾಡಿದ್ರು. ಆದ್ರೆ ಸ್ವಂತ ಮಷಿನ್ ಬಂದ ಮಾತ್ರಕ್ಕೆ ಐಸ್ ಶುದ್ಧ ಆಗಿಬಿಡಲ್ಲ. ತೊಟ್ಟಿಯ ನೀರನ್ನ ದಿನಾ ಖಾಲಿ ಮಾಡಬೇಕು, ಬೋರ್‌ವೆಲ್ ನೀರಾದ್ರೆ ಕಟ್ಟೋ ಬಿಳಿ ಪದರವನ್ನ ಆಗಾಗ ತೆಗೀಬೇಕು, ದುಡ್ಡು ಎಣಿಸಿದ ಕೈ ಐಸ್ ಬುಟ್ಟಿಗೆ ಹೋಗಬಾರದು. ಈ ಕೊನೇದು ನಮ್ಮ ಭಾವನಿಗೆ ಮಷಿನ್ ಕೊಳ್ಳೋದಕ್ಕಿಂತ ಕಷ್ಟ!

ನಾನು ಭಾವನಿಗೆ ಹೇಳಿದ್ದು ಇಷ್ಟು. ಮೂಸಂಬಿ, ಸೋಡಾ ಬಾಟಲಿ ಎಲ್ಲ ಮೊದಲೇ ಫ್ರಿಜ್ಜಲ್ಲಿಡು. 15 ಡಿಗ್ರಿಗೆ ತಂಪಾಗಿದ್ರೆ 60 ಗ್ರಾಂ ಬದಲು 25 ಗ್ರಾಂ ಕರಗಿದ್ರೆ ಸಾಕು. ಬಿಸಿಬಿಸಿ ಬರೋದು ಕಬ್ಬಿನ ಹಾಲು ಒಂದೇ. ಮಷಿನ್ನೇ ಬೇಕು ಅಂದ್ರೆ, ನೆಲದ ಮೇಲೆ ಕೂರೋದು, ದಪ್ಪ ಗೋಡೆಯ ಐಸ್ ಪೆಟ್ಟಿಗೆ ಕೆಳಗೇ ಇರೋದು ನೋಡು. ರಾತ್ರಿಯಿಡೀ ಮಾಡಿದ್ದನ್ನ ಮಧ್ಯಾಹ್ನದವರೆಗೆ ಕಾಪಾಡುತ್ತೆ. ಬೆಲೆ ಜಾಸ್ತಿ, ನಿಜ. ಅಷ್ಟು ದುಡ್ಡಿಲ್ಲ ಅಂದ್ರೆ ಇರೋ ಡೀಪ್ ಫ್ರೀಜರಲ್ಲೇ ಸ್ಟೀಲ್ ಡಬ್ಬಿಗಳಿಗೆ ಫಿಲ್ಟರ್ ನೀರು ತುಂಬಿ ರಾತ್ರಿ ಇಟ್ಟರಾಯ್ತು. ಕುಟ್ಟೋದು ತಪ್ಪಲ್ಲ, ನೆಲದ ಮೇಲೆ ಎಳೆಯೋದಂತೂ ತಪ್ಪುತ್ತೆ.

ದಿನಕ್ಕೆ ಹದಿನೈದು ಕೋಲ್ಡ್ ಕಾಫಿ ಹೋಗೋ ಸಣ್ಣ ಕೆಫೆಗೋ, ಫಿಸಿಯೋಥೆರಪಿ ಕ್ಲಿನಿಕ್ಕಿಗೋ ಆ ಪುಟ್ಟ ಮಷಿನ್ ಚೆನ್ನಾಗೇ ಇರುತ್ತೆ. ಜ್ಯೂಸ್ ಅಂಗಡಿಗೆ ಆಗಲ್ಲ.

ಭಾವ ಇನ್ನೂ ಒಪ್ಪಿಲ್ಲ, "ನೀನು ಬರೀ ಲೆಕ್ಕದಲ್ಲೇ ಅಂಗಡಿ ನಡೆಸ್ತೀಯ" ಅಂತಾರೆ. ನಿಮ್ಮಲ್ಲಿ ಯಾರ ಹತ್ರನಾದ್ರೂ ಅಂಥ ಮಷಿನ್ ಇದ್ರೆ, ಮಟಮಟ ಮಧ್ಯಾಹ್ನ ಒಂದು ಗಂಟೆಯ ಐಸನ್ನ ತಕ್ಕಡಿಗೆ ಹಾಕಿ ಎಷ್ಟು ಬಂತು ಅಂತ ಇಲ್ಲಿ ಬರೀರಿ. ಅವರಿಗೆ ತೋರಿಸ್ತೀನಿ.